ಉಕ್ಕಿನ ಗಾಡಿಯಲ್ಲಿ ಇಪ್ಪತ್ತೆರಡು ಇಂಚು

ಬೆಳಗಿನ ಆರು ಗಂಟೆ. ಸೈನ್ಯದ ವಾಹನಗಳ ಕಾರ್ಖಾನೆಯ ಮೂರನೇ ಶೆಡ್ಡಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ, ಸೈನಿಕರನ್ನು ಸಾಗಿಸುವ ಉಕ್ಕಿನ ಗಾಡಿಯೊಂದು ಹಿಂಬಾಗಿಲು ತೆರೆದುಕೊಂಡು ನಿಂತಿದೆ. ಪತ್ರಿಕೆಗೆ ಬರೆಯಲು ಬಂದ ನಾನು ಇಣುಕಿದರೆ, ಒಳಗೆ ಪ್ಲೈವುಡ್ ಹಲಗೆಯ ಮೇಲೆ ಅರವತ್ತರ ಹತ್ತಿರದ ವ್ಯಕ್ತಿಯೊಬ್ಬರು ಎದೆಗೆ ಮರಳಿನ ಚೀಲ ಹೇರಿಕೊಂಡು ಕಣ್ಣು ಮುಚ್ಚಿ ಮಲಗಿದ್ದಾರೆ. ನನಗೆ ಜೀವ ಬಾಯಿಗೆ ಬರುತ್ತದೆ.

"ಹೆದರ್ಬೇಡಿ, ಇನ್ನೂ ಇದೀನಿ," ಎನ್ನುತ್ತಾರೆ ಅವರು ಕಣ್ಣು ತೆರೆಯದೆಯೇ. "ಭಾರ ಬಿದ್ರೆ ಯಾವ ಕೀಲು ಕಿರ್ ಅನ್ನುತ್ತೆ ಅಂತ ಕೇಳಿಸ್ಕೊಳ್ತಾ ಇದೀನಿ. ಎಂಟು ಗಂಟೆ ಆದ್ರೆ ಇಲ್ಲಿ ನಮ್ಮ ಮಾತೇ ನಮಗೆ ಕೇಳ್ಸಲ್ಲ."

ಇವರೇ ಹಲಗೆ ಮೇಷ್ಟ್ರು. ಹೆಸರು ಮೇಷ್ಟ್ರು, ಕಸುಬು ಬಡಗಿತನ. ಕಾರ್ಖಾನೆಯಲ್ಲಿ ಆರುನೂರು ಜನ ಕಬ್ಬಿಣ ಕತ್ತರಿಸುತ್ತಾರೆ, ಬೆಸೆಯುತ್ತಾರೆ, ತಿರುಪು ಬಿಗಿಯುತ್ತಾರೆ. ಮರ ಮುಟ್ಟುವವರು ಇವರೊಬ್ಬರೇ. ಸೈನ್ಯದ ಗಾಡಿಗೂ ಬಡಗಿಗೂ ಎಲ್ಲಿಯ ಸಂಬಂಧ ಎಂದು ಕೇಳುತ್ತಲೇ ಒಳಗೆ ಹತ್ತಿದೆ, ತಲೆ ಠಣ್ಣೆಂದಿತು. ಮೇಷ್ಟ್ರು ಖುಷಿಯಿಂದ ಎದ್ದು ಬಂದು, ನನ್ನ ತಲೆಯನ್ನಲ್ಲ, ತಲೆ ತಾಗಿದ ಜಾಗವನ್ನು ನೋಡಿ ಅಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆದರು.

"ಬಂದೋರೆಲ್ಲ ತಲೆ ಕುಟ್ಟಿಸ್ಕೊಂಡೇ ಹೋಗೋದು. ನೀವು ಮೂವತ್ನಾಲ್ಕನೆಯವರು. ಗೀಟು ಎಲ್ಲಿ ಜಾಸ್ತಿ ಇದೆಯೋ ಅಲ್ಲಿಗೆ ರಬ್ಬರ್ ಹಾಕಿಸ್ತೀನಿ. ನಿಮ್ಮ ಪೆಟ್ಟು ದಂಡ ಆಗಲ್ಲ ಬಿಡಿ."

ಸಂಬಂಧ ಏನೆಂದರೆ, ಈ ಗಾಡಿಗೆ ಮೈ ಒಂದೇ, ವೇಷ ಹಲವು. ದಪ್ಪ ಉಕ್ಕಿನ ಪೆಟ್ಟಿಗೆ, ಕೆಳಗೆ ಸರಪಳಿಯ ಪಟ್ಟಿ, ಮುಂದೆ ಎಂಜಿನ್, ಹಿಂದೆ ನಾಲ್ಕಡಿ ಎತ್ತರ, ಐದಡಿ ಅಗಲದ ಕೋಣೆ. ಎರಡು ಬೆಂಚು ಹಾಕಿದರೆ ಹತ್ತು ಸೈನಿಕರು ಕೂರುತ್ತಾರೆ. ಬೆಂಚು ತೆಗೆದು ನಕ್ಷೆಯ ಮೇಜು, ರೇಡಿಯೊ ಇಟ್ಟರೆ ಅಧಿಕಾರಿಗಳ ಕಚೇರಿ. ಚಾವಣಿ ತೆರೆದು ಮಾರ್ಟರ್ ಫಿರಂಗಿ ನಿಲ್ಲಿಸಬಹುದು. ಕ್ರೇನ್ ಹೊರಿಸಿದರೆ ಕೆಸರಲ್ಲಿ ಹೂತ ತನ್ನಂಥದೇ ಗಾಡಿಯನ್ನು ಎಳೆದು ತರುತ್ತದೆ. ನೀರಿನ ತೊಟ್ಟಿ ಕೂರಿಸಿ ಬೆಂಕಿ ಆರಿಸುವುದಕ್ಕೂ ಕಳಿಸಿದ್ದುಂಟು. ಪ್ರತಿ ವೇಷವೂ ಮೊದಲು ಮರದಲ್ಲೇ ಆಗಬೇಕು. ಉಕ್ಕನ್ನು ಒಮ್ಮೆ ಕೊರೆದರೆ ಮುಗಿಯಿತು, ತೇಪೆ ಹಾಕಿದ ಜಾಗಕ್ಕೆ ಮೊದಲಿನ ಗಟ್ಟಿತನ ಬರುವುದಿಲ್ಲ. ಅದಕ್ಕೇ ಮೇಷ್ಟ್ರು ಬರಿ ಗಾಡಿಯೊಳಗೆ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ಪ್ಲೈವುಡ್ಡಿನಿಂದ ಕಟ್ಟುತ್ತಾರೆ. ದೊಡ್ಡವರು ಒಪ್ಪಿದ ಮೇಲೆ ಉಕ್ಕಿನವರು ಅಳತೆ ತೆಗೆದುಕೊಳ್ಳುತ್ತಾರೆ, ಮರ ಒಡೆದು ಮೂಲೆಗೆ ಬೀಳುತ್ತದೆ.

ಮೂವತ್ತೊಂದು ವರ್ಷದಲ್ಲಿ ಹನ್ನೊಂದು ವೇಷ. ಇವರ ಕೈಯ ಒಂದು ಹಲಗೆಯೂ ಯಾವ ಗಾಡಿಯಲ್ಲೂ ಇಲ್ಲ. ಒಳಗೆ ಕ್ಯಾಮೆರಾ ಬಿಡುವುದಿಲ್ಲವಾದ್ದರಿಂದ ಈ ಪುಟದಲ್ಲಿ ಇವರ ಫೋಟೊ ಕೂಡ ಇಲ್ಲ.

ಮೇಷ್ಟ್ರ ಅಪ್ಪ ಶಾಲೆಗಳಿಗೆ ಬೆಂಚು ಮಾಡುತ್ತಿದ್ದವರು. ಮಗ ಇಲ್ಲಿ ಸೇರಿದ್ದು ಬಿಡಿಭಾಗ ತುಂಬುವ ಪೆಟ್ಟಿಗೆ ಹೊಡೆಯಲು. ಈಗ ನಾಲ್ಕೂವರೆಗೆ ಎದ್ದು, ಸೈಕಲ್ ತುಳಿದು, ಐದೂವರೆಗೆ ಶೆಡ್ಡಿನಲ್ಲಿರುತ್ತಾರೆ. ದಿನಕ್ಕೆ ನಲವತ್ತು ಸಲವಾದರೂ ಗಾಡಿ ಹತ್ತಿ ಇಳಿಯುತ್ತಾರೆ. ತಿಂಗಳಿಗೆ ಎರಡು ಡಬ್ಬ ಸೀಮೆಸುಣ್ಣ ಖಾಲಿ. ಬೆಂಚಾದರೆ ಕೂತು ನೋಡುವುದು, ಹಾಸಿಗೆಯಾದರೆ ಮಲಗಿ ನೋಡುವುದು ಇವರ ಪದ್ಧತಿ. ಈ ಪದ್ಧತಿಯ ಹಿಂದೆ ಒಂದು ತಪ್ಪಿದೆ. ಅದನ್ನು ಹೇಳುವಾಗ ಮೇಷ್ಟ್ರ ದನಿ ಇಳಿಯುತ್ತದೆ.

ಕೆಲಸಕ್ಕೆ ಸೇರಿದ ಎಂಟನೇ ವರ್ಷ ಮೊದಲ ಆಂಬುಲೆನ್ಸ್ ಮಾಡಿದರು. ನಕ್ಷೆಯಲ್ಲಿದ್ದಂತೆ ಎಡಕ್ಕೆರಡು, ಬಲಕ್ಕೆರಡು, ಒಂದರ ಮೇಲೊಂದು ಹಾಸಿಗೆ. ನಾಲ್ಕು ಗಾಯಾಳುಗಳು. ನಡುವೆ ಹದಿನಾರು ಇಂಚು ದಾರಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ಎಲ್ಲರೂ ಬೆನ್ನು ತಟ್ಟಿದರು. ಹದಿನೆಂಟು ಗಾಡಿ ತಯಾರಾಗಿ ಹೋದವು. ಎರಡು ವರ್ಷದ ಮೇಲೆ ಒಂದು ರಿಪೇರಿಗೆ ಬಂತು, ಅದರ ಜೊತೆ ಅದರಲ್ಲಿ ಶುಶ್ರೂಷೆ ಮಾಡುತ್ತಿದ್ದ ಸೈನಿಕನೂ ಬಂದ.

"ಆ ಹುಡುಗ ಬೈಲಿಲ್ಲ. ಟೀ ಕುಡೀತಾ ಹೇಳ್ದ. ಕೆಳಗಿನ ಹಾಸಿಗೆಯವನಿಗೆ ರಕ್ತ ನಿಲ್ಲಿಸ್ಬೇಕಿತ್ತಂತೆ, ಮೊಣಕಾಲೂರೋಕೆ ಜಾಗ ಇಲ್ಲ. ನಿಂತೇ ಬಗ್ಗಿದಾನೆ. ಗಾಡಿ ಕುಲುಕಿದ ತಕ್ಷಣ ಅವನ ಮೇಲೇ ಬಿದ್ದಿದಾನೆ. ಆಮೇಲೆ ಆ ಗಾಯಾಳು ಏನಾದ ಅಂತ ಅವನೂ ಹೇಳ್ಲಿಲ್ಲ, ನನಗೂ ಕೇಳೋ ಧೈರ್ಯ ಬರ್ಲಿಲ್ಲ."

ಅಂದು ಸಂಜೆ ಮೇಷ್ಟ್ರಿಗೆ ಊಟ ಸೇರಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ವಿಷಯ ತಿಳಿದವರೇ ಎರಡು ಕೋಣೆಯ ಆ ಮನೆಯಲ್ಲಿ ಮಂಚಕ್ಕೂ ಬೀರುವಿಗೂ ನಡುವೆ ಮೊಣಕಾಲೂರಿ ಕೂತು ಕೇಳಿದರಂತೆ: "ನಿಮ್ಮ ನಕ್ಷೆಯೋರು ಮೊಣಕಾಲಿಗೆ ಜಾಗ ಬಿಟ್ಟಿದಾರೆ, ಸರಿ. ಹಿಂದೆ ಪಾದ ಎಲ್ಲಿಗೆ ಹೋಗ್ಬೇಕು ರೀ? ತಲೆ ಮೇಲೆ ಹೊತ್ಕೊಳ್ತಾರಾ?"

ಮೇಷ್ಟ್ರು ಆಕೆಗೆ ತಮ್ಮ ಬೂಟು ತೊಡಿಸಿ, ಸುತ್ತ ಸೀಮೆಸುಣ್ಣ ಎಳೆದು ಅಳೆದರು. ಮೊಣಕಾಲಿನಿಂದ ಬೂಟಿನ ತುದಿಗೆ ಇಪ್ಪತ್ತೆರಡು ಇಂಚು. ಮರುದಿನವೇ ಮೇಲಿನವರಿಗೆ ಬರೆದು ಕೊಟ್ಟರು. ಹೊಸ ಆಂಬುಲೆನ್ಸಿಗೆ ಬೇಡಿಕೆ ಇಲ್ಲ ಎಂದು ಕಾಗದ ಫೈಲು ಸೇರಿತು. ಇಪ್ಪತ್ತೊಂದು ವರ್ಷವಾದ ಮೇಲೆ ಈಗ ನಲವತ್ತು ಆಂಬುಲೆನ್ಸಿಗೆ ಬೇಡಿಕೆ ಬಂದಿದೆ, ನಕ್ಷೆಯಲ್ಲಿ ಮತ್ತೆ ಅದೇ ನಾಲ್ಕು ಹಾಸಿಗೆ. ಮೇಷ್ಟ್ರ ನಿವೃತ್ತಿಗೆ ನಾಲ್ಕು ತಿಂಗಳಿದೆ. ಬಲಗಡೆಯ ಕೆಳಗಿನ ಹಾಸಿಗೆ ಕೈಬಿಟ್ಟು ಅವರು ಮೂರನ್ನೇ ಕಟ್ಟಿದ್ದಾರೆ. ಇವತ್ತು ಹತ್ತು ಗಂಟೆಗೆ ತಪಾಸಣೆ. ಇಲ್ಲಿ ಸೋತರೆ ನಲವತ್ತು ಗಾಡಿಯೂ ಹಾಗೇ ಹೋಗುತ್ತವೆ.

ಹತ್ತಕ್ಕೆ ಸರಿಯಾಗಿ ದೊಡ್ಡ ಸಾಹೇಬರು, ಜೊತೆಗೆ ಸೈನ್ಯದ ವೈದ್ಯೆ ಬರುತ್ತಾರೆ. ಸಾಹೇಬರು ಕೆಟ್ಟವರಲ್ಲ, ಆದರೆ ಲೆಕ್ಕ ಬಲ್ಲವರು.

"ನಾಲ್ಕಿರಬೇಕಿತ್ತು. ಒಂದು ಕಮ್ಮಿ ಅಂದ್ರೆ ಒಬ್ಬ ಗಾಯಾಳು ಹೊರಗೆ ಉಳೀತಾನೆ. ಗೊತ್ತಲ್ವಾ?"

"ಗೊತ್ತು ಸರ್. ಕೂರೋಕಾಗೋನಿಗೆ ಬಾಗಿಲ ಹತ್ರ ಮಡಚೋ ಸೀಟು ಮಾಡಿದೀನಿ. ನಾಲ್ಕನೇ ಹಾಸಿಗೇನೂ ಮಾಡಿಟ್ಟಿದೀನಿ. ಎರಡು ನಿಮಿಷ ಕೊಡಿ, ಹಾಕ್ತೀನಿ. ಮೇಡಂ ಒಂದ್ಸಲ ಒಳಗೆ ಬಂದು ಮೊಣಕಾಲೂರಿ ನೋಡ್ಲಿ."

ಮೇಷ್ಟ್ರು ಗೂಟ ಬಡಿದು ನಾಲ್ಕನೇ ಹಾಸಿಗೆ ಕೂರಿಸುತ್ತಾರೆ. ಎಡಗಡೆಯ ಕೆಳಗಿನ ಹಾಸಿಗೆಯಲ್ಲಿ ತಾವೇ ಗಾಯಾಳುವಾಗಿ ಮಲಗುತ್ತಾರೆ. ವೈದ್ಯೆ ಚೀಲ ಹಿಡಿದು ಒಳಗೆ ಹತ್ತಿ ಮೊಣಕಾಲೂರಲು ನೋಡುತ್ತಾರೆ. ಬೂಟು ಹಿಂದಿನ ಹಾಸಿಗೆಗೆ ಸಿಕ್ಕಿಕೊಳ್ಳುತ್ತದೆ. ಅಡ್ಡ ತಿರುಗುತ್ತಾರೆ, ಆಗ ಕೈ ಎಟುಕುವುದಿಲ್ಲ. ನಿಂತು ಬಗ್ಗಿದರೆ ತಲೆ ಠಣ್ಣೆನ್ನುತ್ತದೆ. ಮಲಗಿದಲ್ಲಿಂದಲೇ ಗಾಯಾಳುವಿನ ಕೈ ಜೇಬಿಗೆ ಹೋಗಿ, ಮೇಲೆ ಒಂದು ಗೀಟು ಬೀಳುತ್ತದೆ. ಸಾಹೇಬರೂ ನಗುತ್ತಾರೆ.

ಹಾಸಿಗೆ ತೆಗೆದ ಮೇಲೆ ವೈದ್ಯೆ ಮತ್ತೆ ಹತ್ತುತ್ತಾರೆ. ಈ ಸಲ ಪಾದಗಳು ಹಿಂದೆ ಖಾಲಿ ಜಾಗಕ್ಕೆ ಸಲೀಸಾಗಿ ಹೋಗುತ್ತವೆ. ಎರಡೂ ಅಂಗೈಯನ್ನು ಮೇಷ್ಟ್ರ ಎದೆಯ ಮೇಲೆ ಊರಿ ಒತ್ತಿ ನೋಡುತ್ತಾರೆ, ಕತ್ತಿನ ನಾಡಿ ಮುಟ್ಟುತ್ತಾರೆ.

"ಮೂರೇ ಇರ್ಲಿ ಸರ್," ಎನ್ನುತ್ತಾರೆ ವೈದ್ಯೆ. "ಇಲ್ಲಿ ಕೆಲಸ ಮಾಡೋಕಾಗುತ್ತೆ."

ಸಾಹೇಬರು ಗಾಡಿಯನ್ನೂ ನಕ್ಷೆಯನ್ನೂ ಎರಡು ಸಲ ನೋಡಿ, ನಾಲ್ಕನೇ ಹಾಸಿಗೆಯನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಆ ಜಾಗದಲ್ಲಿ ಮೇಷ್ಟ್ರು ಹೇಳಿದ ಅಳತೆ ಬರೆಯುತ್ತಾರೆ. "ಇಪ್ಪತ್ತೆರಡು ಅಂತ ಲೆಕ್ಕ ಹಾಕಿದ್ಯಾರು?"

"ಮನೆಯವಳು, ಸರ್."

ಅವರೆಲ್ಲ ಹೋದ ಮೇಲೆ ಮೇಷ್ಟ್ರು ಕೆಳಕ್ಕೆ ಮಡಚಿದ ಹಿಂಬಾಗಿಲ ಮೇಲೆ ಕುಳಿತು, ಸುಮ್ಮನೆ ಸೀಮೆಸುಣ್ಣ ಉರುಳಿಸುತ್ತಾರೆ. ಕಣ್ಣು ಒದ್ದೆಯಾಗಿದೆ, ಮುಚ್ಚಿಡುವ ಪ್ರಯತ್ನವೇನೂ ಇಲ್ಲ. ನನಗೂ ಹೆಮ್ಮೆಯಿಂದ ಎದೆ ತುಂಬಿದೆ, ನಾನು ಮಾಡಿದ್ದು ತಲೆ ಕುಟ್ಟಿಸಿಕೊಂಡದ್ದು ಮಾತ್ರವಾದರೂ. ಈ ವಾರದಲ್ಲೇ ಇಲ್ಲಿನ ಮರವನ್ನೆಲ್ಲ ಒಡೆದುಹಾಕುತ್ತಾರೆ, ಮುಂದಿನ ತಿಂಗಳು ಮೊದಲ ಉಕ್ಕಿನ ಗಾಡಿ ಹೊರಬರುತ್ತದೆ. ನಿವೃತ್ತಿಗೆ ಮುಂಚೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ.

"ಪಾಸಿಲ್ದೆ ಹೊರಗಿನೋರನ್ನ ಒಳಗೆ ಬಿಡಲ್ಲ ಇಲ್ಲಿ. ಮೂವತ್ತೊಂದು ವರ್ಷದಲ್ಲಿ ನಮ್ಮನೆಯವಳು ಗೇಟು ದಾಟಿಲ್ಲ. ಒಂದು ದಿನದ ಪಾಸ್‌ಗೆ ಅರ್ಜಿ ಹಾಕಿದೀನಿ. ಆ ಉಕ್ಕಿನ ಗಾಡಿಯ ಖಾಲಿ ಜಾಗದಲ್ಲಿ ಅವಳು ಒಂದ್ಸಲ ಮೊಣಕಾಲೂರಿ ಕೂತು ನೋಡ್ಬೇಕು. ಜಾಗ ಸಾಲ್ದು ಅಂದ್ರೆ, ಸರಿ ಮಾಡೋಕೆ ಇನ್ನೂ ನಾಲ್ಕು ತಿಂಗಳು ಇದೀನಲ್ಲ."