ಕಪ್ಪು ಕೈ, ಬಿಳಿ ಕೈ

ಕುವೈತ್ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ಉಪ್ಪಿನಕಾಯಿಯನ್ನು ಬಿಟ್ಟರು, ಬೆಳ್ಳಿ ನಾಣ್ಯವನ್ನು ಹಿಡಿದುಕೊಂಡರು. ನನ್ನ ಮಾವ ಹಡಗಿನ ಕೆಲಸದಲ್ಲಿದ್ದಾಗ ಆಫ್ರಿಕಾದ ಸಿಯೆರಾ ಲಿಯೋನ್‌ನಿಂದ ತಂದದ್ದು ಅದು, ಬ್ರಿಟಿಷರ ಕಾಲದ್ದು. ಒಂದು ಬದಿ ಸಿಂಹ, ಇನ್ನೊಂದು ಬದಿ ಒಂದನ್ನೊಂದು ಹಿಡಿದ ಎರಡು ಕೈ.

ನಮ್ಮಲ್ಲಿ ಹೊಸ ಮಗುವಿನ ಮುಖವನ್ನು ಬರಿಗೈಯಲ್ಲಿ ನೋಡುವುದಿಲ್ಲ. ಮೊದಲು ಅದರ ಅಂಗೈಗೆ ಬೆಳ್ಳಿ ಇಡಬೇಕು. ಗಾಜಿನ ಬಾಗಿಲಾಚೆ ಮಗಳು ನನ್ನ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಎದೆ ಹಿಗ್ಗಿ ಒಡೆಯುವ ಹಾಗಿತ್ತು, ಆದರೂ ನಾನು ತಲೆ ಎತ್ತಲಿಲ್ಲ.

ನೆಲ ಒರೆಸುತ್ತಿದ್ದ ಕುಂದಾಪುರ ಕಡೆಯ ಹೆಂಗಸೊಬ್ಬಳು ನನ್ನ ಮಾತನ್ನು ಅಧಿಕಾರಿಗೆ ಅರಬ್ಬಿಯಲ್ಲಿ ಹೇಳಿದಳು. ಅವರು ನಾಣ್ಯವನ್ನು ದೀಪಕ್ಕೆ ಹಿಡಿದರು.

"ಅಮ್ಮಾ, ಇದನ್ನು ತಿಕ್ಕಿದ್ದು ಯಾರಂತ ಕೇಳ್ತಾರೆ."

"ನಾನೇ. ಒಂದು ಕೈ ಕಪ್ಪಿತ್ತಲ್ಲ, ಮಗುವಿಗೆ ಕೊಡುವುದೆಂದು ಹುಣಸೆಹುಳಿ ಹಾಕಿ ತಿಕ್ಕಿದೆ. ಹೋಗಲೇ ಇಲ್ಲ."

"ಅದು ಕೊಳೆ ಅಲ್ವಂತೆ. ಒಂದು ಕರಿಯರ ಕೈ, ಒಂದು ಬಿಳಿಯರ ಕೈ. ಗೀರು ಹಾಕಿ ಹಾಗೇ ಕೆತ್ತಿದ್ದಂತೆ."

ಅಧಿಕಾರಿ ನಾಣ್ಯವನ್ನು ನನ್ನ ಕೈಗಿಟ್ಟು, "ಯಲ್ಲಾ, ಮಾಮಾ" ಎಂದರು, ಹೊರಡಿ ಅಮ್ಮಾ ಅಂತ.

ಹೊರಗೆ ಬಂದು ನೆಲ ನೋಡುತ್ತಲೇ ಆ ಪುಟ್ಟ ಅಂಗೈಗೆ ನಾಣ್ಯ ಇಟ್ಟೆ, ಆಮೇಲೆ ಮುಖ ನೋಡಿದೆ. ಅಷ್ಟರಲ್ಲಿ ಊರಿನಿಂದ ತಂಗಿಯ ಫೋನು.

"ಅಕ್ಕಾ, ಮಗು ಬೆಳ್ಳಗುಂಟಾ, ಕಪ್ಪಾ?"

"ಹಿಡಿತ ಗಟ್ಟಿ ಉಂಟು ಮಾರಾಯ್ತಿ," ಎಂದೆ. "ನಾಣ್ಯ ಬಿಡುವುದೇ ಇಲ್ಲ."