ಕುಂತ್ಕಳ್ರಿ ಮೇಡಂ

ಹೊಲಿಗೆ ಮಷೀನಿನ ಕಂಪನಿಯಲ್ಲಿ ನನಗೆ ಸಿಕ್ಕಿದ್ದು ವಿಚಿತ್ರವಾದ ಕೆಲಸ. ಫೋನಿನಲ್ಲಿ ವಿಡಿಯೋ ಮಾಡಿ ಹೊಲಿಗೆ ಹೇಳಿಕೊಡುವ ಹೆಂಗಸರನ್ನು ಹುಡುಕಬೇಕು. ಅದರಲ್ಲೂ ಎದುರಾಳಿ ಕಂಪನಿಯ ಮಷೀನನ್ನು ಹೊಗಳಿ, ವಿಡಿಯೋದ ಕೆಳಗೆ ಅದರ ಲಿಂಕ್ ಹಾಕಿ, ಕಮಿಷನ್ ಪಡೆಯುವವರೇ ಆಗಬೇಕು. ಅವರನ್ನು ನಮ್ಮ ಕಡೆಗೆ ಎಳೆದು ತರಬೇಕು. "ಹೊಸಬರನ್ನ ಕಟ್ಕೊಂಡು ಏನ್ ಮಾಡಾಣ? ಜನ ಆಗ್ಲೇ ಯಾರ ಮಾತು ನಂಬ್ಯಾರೋ ಅವರು ಬೇಕು" ಎನ್ನುತ್ತಿದ್ದರು ಚಿತ್ರದುರ್ಗದ ನಮ್ಮ ಮ್ಯಾನೇಜರು. ಹೊಸದುರ್ಗ, ಹೊಳಲ್ಕೆರೆ ಎಲ್ಲ ಸುತ್ತಿದೆ, ಯಾರೂ ಬಗ್ಗಲಿಲ್ಲ. ಈ ತಿಂಗಳೂ ಬರಿಗೈಯಲ್ಲಿ ಬಂದರೆ ಮನೆಯಲ್ಲೇ ಇರಬಹುದು ಎಂದರು.

ಉಳಿದವರು ಐಮಂಗಲದ ಅಕ್ಕ. ನನಗೆ ಹೊಲಿಗೆ ಕಲಿಸಿದವರು. ಅವರ ಪ್ರತಿ ವಿಡಿಯೋ ಮುಗಿಯುತ್ತಿದ್ದುದು ಒಂದೇ ಮಾತಿನಿಂದ: "ನಮ್ಮನೇಲೂ ಇದೇ ಮಷೀನು ಐತೆ, ಕಣ್ಮುಚ್ಚಿ ತಗಳ್ರಿ." ಹೆಂಗಸರು ನಿಜವಾಗಿಯೂ ಕಣ್ಣು ಮುಚ್ಚಿಯೇ ಕೊಳ್ಳುತ್ತಿದ್ದರು.

ಬಾಗಿಲಲ್ಲಿ ನನ್ನನ್ನು ಕಂಡಿದ್ದೇ, "ಏನೇ, ದಾರಿ ತಪ್ಪಿ ಬಂದ್ಯಾ? ಬಾರೇ, ಕುಂತ್ಕ" ಎಂದರು. ಕೇಳದೆಯೇ ಟೀ ಬಂತು. ಎಷ್ಟು ಸೊರಗಿದ್ದೀಯ ಎಂದು ಬೈಗುಳವೂ ಬಂತು. ನನ್ನ ಬ್ಲೌಸಿನ ತೋಳು ಸಡಿಲವಾಗಿದ್ದು ಅವರ ಕಣ್ಣಿಗೆ ಬಿದ್ದಿತ್ತು. "ಒಂದು ಹೊಲ್ದು ಕೊಡ್ತೀನಿ ತಡಿ" ಎಂದು ಟೇಪು ತಂದು ಅಳತೆಗೆ ನಿಂತರು. ತಮ್ಮನ್ನು ನೋಡುವ ಆಸೆಯಿಂದಲೇ ನಾನು ಬಂದಿದ್ದೇನೆ ಅಂದುಕೊಂಡಿದ್ದರು. ಆದರೂ ಹೇಳಿದೆ. ನಮ್ಮ ಮಷೀನು, ನಮ್ಮ ಕಮಿಷನ್ನು, ಹೋಗಲಿರುವ ನನ್ನ ಕೆಲಸ, ಎಲ್ಲ.

ತೋಳು ಸುತ್ತಿದ್ದ ಟೇಪು ಸಡಿಲವಾಯಿತು.

"ಇದಕ್ಕೆ ಬಂದಿದ್ದಾ?"

ಹೂಂ ಎಂದೆ. ಬೈದಿದ್ದರೆ ಎದ್ದು ಬಂದುಬಿಡುತ್ತಿದ್ದೆ. ಬೈಯಲಿಲ್ಲ. "ಆಗ್ಲಿ ಬಿಡು, ನಿನ್ನ ಕೆಲ್ಸ ಉಳೀಲಿ" ಎಂದು ಟೇಪನ್ನು ಸುತ್ತಿ ಡಬ್ಬಿಗೆ ಹಾಕಿದರು. ಬ್ಲೌಸಿನ ಮಾತು ಮತ್ತೆ ಬರಲಿಲ್ಲ.

ಕೆಲಸ ಉಳಿಯಿತು. ಮ್ಯಾನೇಜರು ಎಲ್ಲರೆದುರು ನನ್ನನ್ನು ಹೊಗಳಿದಾಗ ಅವರ ಮೇಲೆ ಸಿಟ್ಟು ಉಕ್ಕಿ ಬಂತು, ಅಳುವೂ ಬಂತು. ಅಕ್ಕನ ಹೊಸ ವಿಡಿಯೋ ನೋಡಿದೆ. ನಮ್ಮ ಮಷೀನಿನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿದ್ದರು. ಕಣ್ಮುಚ್ಚಿ ತಗಳ್ರಿ ಎಂದು ಮಾತ್ರ ಅಂದಿರಲಿಲ್ಲ. ಕೆಳಗೆ ಹೆಂಗಸೊಬ್ಬಳು ಬರೆದಿದ್ದಳು: "ಅಕ್ಕಾ, ನೀವು ಹೇಳಿದ್ರಿ ಅಂತ ಆ ಮಷೀನು ತಗಂಡೆ. ಈಗ ಇದು ಚೆನ್ನಾಗೈತೆ ಅಂತೀರಲ್ಲ?" ಎಲ್ಲರಿಗೂ ಉತ್ತರ ಕೊಡುವ ಅಕ್ಕ ಅವಳಿಗೆ ಕೊಟ್ಟಿರಲಿಲ್ಲ.

ಹೋದ ವಾರ ಕಂಪನಿಯ ಉಡುಗೊರೆ, ಒಂದು ಗೋಡೆ ಗಡಿಯಾರ, ತಲುಪಿಸಲು ಅವರ ಮನೆಗೆ ಹೋದೆ. ಅಕ್ಕ ಹೊಲಿಯುತ್ತಿದ್ದರು, ಹಳೆಯ ಮಷೀನಿನಲ್ಲೇ. ನನ್ನನ್ನು ಕಂಡು ಎದ್ದು ನಿಂತರು. ನನಗಾಗಿ ಅವರು ಎಂದೂ ಎದ್ದವರಲ್ಲ. ಸೆರಗು ಸರಿಮಾಡಿಕೊಂಡು ಕುರ್ಚಿ ಒರೆಸಿದರು.

"ಬರ್ರಿ ಮೇಡಂ, ಕುಂತ್ಕಳ್ರಿ. ಟೀ ಕುಡೀತೀರಾ?"