ಕರಿಕಲ್ಲಿನ ಮೂಲಗೇಣಿ

ಮೂಲ ಹುಡುಕುವವರನ್ನು ಕಂಡರೆ ನನಗಾಗದು. ನಿನ್ನೆ ಉಂಡ ಪಲ್ಯ ಯಾವುದೆಂದು ಮರೆತವರೂ ವಂಶದ ಮೂಲವನ್ನು ತಡವರಿಸದೆ ಹೇಳುತ್ತಾರೆ. ಕಲ್ಲಿನ ಮೂಲ ಹುಡುಕುವವರು ವಾಸಿ. ಕಲ್ಲು ತನ್ನ ಅಜ್ಜನನ್ನು ಹೊಗಳಿಕೊಳ್ಳುವುದಿಲ್ಲ.

ಅಂಥವರೊಬ್ಬರು ಐವತ್ತರ ದಶಕದ ಕೊನೆಗೆ ಜೀಪಿನಲ್ಲಿ ನಮ್ಮೂರು ಕೊಯಿಲಕ್ಕೆ ಬಂದಿದ್ದರು. ಮೈಸೂರು ಕಡೆಯ ಭೂವಿಜ್ಞಾನಿ. ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಪುಸ್ತಕದ ಕನ್ನಡ. ಶಾಲೆಯ ಮಾಷ್ಟ್ರಾಗಿದ್ದ ನನ್ನನ್ನು ದುಭಾಷಿಯಾಗಿ ಕರೆದೊಯ್ದರು: ಕನ್ನಡದಿಂದ ಕನ್ನಡಕ್ಕೆ.

ಒಕ್ಕಲು ಐತಪ್ಪನ ಗದ್ದೆಯಂಚಿನಲ್ಲಿ ಬಿಳಿಬಂಡೆಯನ್ನು ಸೀಳಿಕೊಂಡು ಹೋದ ಕರಿಕಲ್ಲಿನ ಪಟ್ಟೆಯೊಂದಿದೆ. ಅದು ಕೋಟ್ಯಂತರ ವರ್ಷಗಳ ಹಿಂದೆ ಕರಗಿ ಮೇಲೆದ್ದ ಜ್ವಾಲಾಮುಖಿಯ ರಸವಂತೆ. ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಅಳೆದರೆ, ಆಗ ನಮ್ಮ ಖಂಡದ ಅಡಿಯ ಮ್ಯಾಂಟಲ್ ಎಂಬ ಪದರ ಹೇಗಿತ್ತೆಂದು ತಿಳಿಯುತ್ತದಂತೆ.

ಪಕ್ಕದಲ್ಲೇ ನಿಂತಿದ್ದ, ಗ್ಯಾಸ್‌ಲೈಟಿಗೆ ಕಟ್ಟುವ ಬಲೆಬತ್ತಿ ಮಾರುವ ಮೋನು ಬ್ಯಾರಿ ನಕ್ಕರು. "ಮೆಂಟ್ಲಾ? ನನ್ನ ಅಂಗಡಿಯಲ್ಲೇ ಉಂಟಲ್ಲ ಮಾರಾಯ್ರೆ! ಅದಕ್ಕೆ ಕಲ್ಲು ಒಡೆಯುದು ಎಂತಕ್ಕೆ?"

"ಇದರ ಮೂಲ ತಿಳಿಯಬೇಕು," ಎಂದರು ವಿಜ್ಞಾನಿಗಳು, ಗಟ್ಟಿಯಾಗಿ.

ನಮ್ಮ ಜಿಲ್ಲೆಯಲ್ಲಿ ಮೂಲ ಎಂದರೆ ಮೂಲಗೇಣಿ: ಒಕ್ಕಲನ್ನು ಎಂದೂ ಏಳಿಸಲಾಗದ ಹಕ್ಕು. ಐತಪ್ಪನದು ಚಾಲಗೇಣಿ: ಧಣಿ ಏಳೆಂದರೆ ಏಳಬೇಕು. ಧಣಿ ಸಂಕಪ್ಪ ರೈಗಳು "ಕೊಯ್ಲಾದ ಮೇಲೆ ಏಳು" ಎಂದಾಗಿತ್ತು. ಗದ್ದೆ ಅಳಿಯನಿಗೆ ಬೇಕಿತ್ತು. ಐತಪ್ಪನಿಗೆ ಬೇರೆ ಗದ್ದೆಯಿರಲಿಲ್ಲ.

ಜೀಪಿನವರು ಐತಪ್ಪನ ಗದ್ದೆಯಲ್ಲಿ ಮೂಲ ಕೇಳುತ್ತಿದ್ದಾರೆಂಬ ಸುದ್ದಿ ಮುಟ್ಟಿದ್ದೇ ರೈಗಳು ಓಡಿಬಂದರು. "ಮೂಲ ಎಂತದ್ದು ಸ್ವಾಮಿ? ಇದೆಲ್ಲ ಮೊನ್ನೆ ಮೊನ್ನೆ ಬಂದದ್ದು!"

"ನಂತರ ಬಂದದ್ದೇ, ನಿಜ." ವಿಜ್ಞಾನಿಗಳು ಕರಿಕಲ್ಲನ್ನು ಪ್ರೀತಿಯಿಂದ ತಟ್ಟಿದರು. "ಆದರೆ ಬಹಳ ಆಳದಿಂದ ಬಂದಿದೆ. ಇನ್ನು ಇದನ್ನು ಯಾರೂ ಕದಲಿಸಲಾರರು."

"ಸರ್ಕಾರಕ್ಕೆ ಗೊತ್ತುಂಟಾ?"

"ವರದಿ ಅಲ್ಲಿಗೇ ಹೋಗುವುದು."

ದುಭಾಷಿ ಬಾಯಿ ತೆರೆಯಲಿಲ್ಲ. ಇಬ್ಬರೂ ಆಡುತ್ತಿದ್ದುದು ಕನ್ನಡವೇ ಅಲ್ಲವೆ?

"ಐತಪ್ಪಾ," ರೈಗಳ ದನಿ ಬೆಣ್ಣೆಯಾಯಿತು, "ಏಳುದೆಲ್ಲ ಈಗ ಬೇಡ. ಮುಂದಿನ ಸಲವೂ ನೀನೇ ಬಿತ್ತು."

ಕರಗಿದ ಕಲ್ಲು ಮೇಲೇರುವಾಗ ದಾರಿಯ ಬಂಡೆಗಳನ್ನೂ ನುಂಗುತ್ತದೆಂದು ವಿಜ್ಞಾನಿಗಳು ಜೀಪು ಹತ್ತುವಾಗ ಹೇಳಿದರು. ಆ ಕಲಬೆರಕೆಯನ್ನು ಕಳೆದರೆ ಮಾತ್ರ ಅಡಿಯ ನಿಜ ಸಿಗುವುದಂತೆ. ನನ್ನ ನೆನಪಿಗೂ ಇದೇ ರೋಗ. ರೈಗಳ ಮುಖ ಬಿಳಿಚಿದ್ದನ್ನು ನಾನು ಕಂಡೆನೋ, ಅದು ಮೋನು ಬ್ಯಾರಿ ಆಮೇಲೆ ಬಳಿದ ಸುಣ್ಣವೋ, ಹೇಳಲಾರೆ. ಕಳೆಯುತ್ತ ಕೂತರೆ ಜೀಪೊಂದೇ ಉಳಿದೀತು.

ಮ್ಯಾಂಟಲಿನ ವಿಷಯ ಏನಾಯಿತೋ, ನಮಗೆ ಯಾರೂ ತಿಳಿಸಲಿಲ್ಲ. ತಿಂಗಳು ಕಳೆದಂತೆ ರೈಗಳ ಮುಖಕ್ಕೆ ಬಣ್ಣ, ಬಾಯಿಗೆ ಅಳಿಯನ ಮಾತು ಮರಳತೊಡಗಿದವು. ಆ ಬೆಳೆಯ ಕೊಯ್ಲು ಹತ್ತಿರ ಬಂದಾಗ ಗದ್ದೆಯ ಕಡೆಯಿಂದ ಟಣ್ ಟಣ್ ಸದ್ದು. ಹೋಗಿ ನೋಡಿದರೆ ಐತಪ್ಪ, ಕೈಯಲ್ಲೊಂದು ಸುತ್ತಿಗೆ.

"ಎಂತ ಮಾಡುದು ಐತಪ್ಪಾ?"

"ಮೂಲ ನೋಡುದು, ಮಾಷ್ಟ್ರೇ!" ಎಂದ, ರೈಗಳ ಚಾವಡಿಗೆ ಕೇಳುವಷ್ಟು ಜೋರಾಗಿ.